ಬಳ್ಳಾರಿ ಬಿಸಿಲು, ಹಳೇ ಮಾರುತಿ 800, ಮನೆಯಂಗಳದ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ನಿಂತರೆ ಸಾಕು, ಹಾಲು ತರೋಕೆ ಹೋಗುವವರಿಂದ ಹಿಡಿದು ಎದುರುಮನೆ ಕಾಲೇಜು ಹುಡುಗನವರೆಗೆ ಎಲ್ಲರೂ ಬಂದು ಬಗ್ಗಿ ನೋಡುತ್ತಾರೆ. ಆಮೇಲೆ ಪ್ರಶ್ನೆಗಳು ಶುರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಅಪ್ಪನ ಕಾರನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಪಾನಾ ಹಿಡಿದವನು.

ಇದು ಯಾವ ಕಾರಿನ ಮಾತು?

ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು. 796 ಸಿಸಿ, ಮೂರು ಸಿಲಿಂಡರು. ನನ್ನದು 1999ರ ಕಾರ್ಬೊರೇಟರ್ ಗಾಡಿ, ಕೆಎ-34 ನಂಬರು. 2000ದ ಆಸುಪಾಸಿನಲ್ಲಿ ಕಾರ್ಬೊರೇಟರಿನ ಬದಲು ಇಂಜೆಕ್ಟರಿನಲ್ಲಿ ಪೆಟ್ರೋಲು ಸಿಂಪಡಿಸುವ ಎಂಪಿಎಫ್‌ಐ ಬಂತು. ನಿಮ್ಮದು ಅದಾಗಿದ್ದರೆ ಕಾರ್ಬೊರೇಟರಿನ ಮಾತು ಬಿಟ್ಟು ಉಳಿದದ್ದು ಬಹುಪಾಲು ಹೊಂದುತ್ತದೆ. ಓಮ್ನಿಯಲ್ಲೂ ಇದೇ 796 ಸಿಸಿ ಎಂಜಿನ್, ಮುಂದಿನ ಸೀಟಿನಡಿ ಕೂತಿರುತ್ತದೆ ಅಷ್ಟೇ. ಆಲ್ಟೊ, ಝೆನ್, ಸ್ಯಾಂಟ್ರೊ ಇಟ್ಟುಕೊಂಡವರಿಗೂ ಮುಕ್ಕಾಲು ಪಾಲು ಉಪಯೋಗವಾದೀತು.

ಹತ್ತು ವರ್ಷ ನಿಂತ ಕಾರು. ಎಲ್ಲಿಂದ ಶುರು ಮಾಡಲಿ?

ಹೆಚ್ಚಿನವರು ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್, ಅಲಾಯ್ ಚಕ್ರದಿಂದ ಶುರು ಮಾಡುತ್ತಾರೆ. ನಮ್ಮ ಕಡೆ ಕಾರನ್ನು ಕೊಲ್ಲುವುದು ಓಡಿದ ಕಿಲೋಮೀಟರಲ್ಲ. ಬಿಸಿಲು, ಧೂಳು, ಬೋರ್ ನೀರು ಈ ಮೂರೇ ಕೊಲ್ಲುವುದು. ಹಾಗಾಗಿ ಮೊದಲು ರಬ್ಬರು: ರೇಡಿಯೇಟರ್ ಹೋಸು, ಪೆಟ್ರೋಲ್ ಪೈಪು, ಡೈನಮೋ ಬೆಲ್ಟು, ಟೈರು. ಹೋಸನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಒಳ್ಳೆಯದು ಹಿಸುಕಿದಷ್ಟೇ ಬೇಗ ತಿರುಗಿ ಉಬ್ಬುತ್ತದೆ. ಒಣಗಿದ್ದು ಹಪ್ಪಳದಂತೆ ಸದ್ದು ಮಾಡುತ್ತದೆ. ಸತ್ತದ್ದು ಅಂಟಂಟಾಗಿ ಒಳಗೇ ಕುಸಿಯುತ್ತದೆ. ರಬ್ಬರಾದ ಮೇಲೆ ಕೂಲಿಂಗು, ಆಮೇಲೆ ಬ್ರೇಕು, ಆಮೇಲೆ ಕರೆಂಟು. ಸೀಟ್ ಕವರ್ ಮುಂದಿನ ದೀಪಾವಳಿಗೆ ಇರಲಿ.

ಏನೇನು ಸಾಮಾನು ಬೇಕು?

8ರಿಂದ 19ರವರೆಗಿನ ಪಾನಾ, ಒಂದು ಸಾಕೆಟ್ ಸೆಟ್ಟು, ಪ್ಲಗ್ ಪಾನಾ, ಎರಡು ಜಾಕ್ ಸ್ಟ್ಯಾಂಡು, ಒಂದು ಮಲ್ಟಿಮೀಟರು. ಕೊನೆಯದನ್ನು ಮಾತ್ರ ಮರೆಯಬೇಡಿ. ಅದಿಲ್ಲದೆ ಕರೆಂಟಿನ ಕೆಲಸ ಮಾಡುವುದು ಕಣ್ಣು ಕಟ್ಟಿಕೊಂಡು ಬಾವಿ ಇಣುಕಿದಂತೆ.

ಕಾರಿನ ಕೆಳಗೆ ಮಲಗಿ ಕೆಲಸ ಮಾಡಬಹುದಾ?

ಬರೀ ಜಾಕಿ ನಂಬಿ ಮಲಗಬೇಡಿ. ನಮ್ಮ ಅಂಗಳಗಳಲ್ಲಿ ಹಾಸಿರುವುದು ಕಡಪಾ ಕಲ್ಲು. ಒಂದು ಹನಿ ಆಯಿಲ್ ಬಿದ್ದರೆ ಸಾಕು, ಜಾಕಿ ಜಾರುತ್ತದೆ. ಜಾಕಿಯ ಕೆಳಗೆ ದಪ್ಪ ಮರದ ಹಲಗೆ ಇಡಿ, ಎದುರು ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಕಾರು ಎತ್ತಿದ ಮೇಲೆ ಸ್ಟ್ಯಾಂಡಿನ ಮೇಲೆ ಕೂರಿಸಿ, ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ತಲೆ ಕೆಳಗೆ ಹಾಕಿ. ಇಟ್ಟಿಗೆಯ ಅಟ್ಟಿ ಬೇಡವೇ ಬೇಡ. ಭಾರ ಒಂದೇ ಕಡೆ ಬಿದ್ದರೆ ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ. ಹುಡುಗರಿಗೆ ಈ ಮಾತು ರುಚಿಸುವುದಿಲ್ಲ, ಆದರೂ ಹೇಳುತ್ತಲೇ ಇರುತ್ತೇನೆ.

ಏಪ್ರಿಲ್ ಬಂತೆಂದರೆ ಟೆಂಪರೇಚರ್ ಮುಳ್ಳು ಏರುತ್ತೆ. ಎಂಜಿನ್ ಬಿಚ್ಚಿಸಬೇಕಾ?

ಅವಸರ ಬೇಡ. ಹೊರಗೆ 41, 42 ಡಿಗ್ರಿ ಇದ್ದಾಗ ರೇಡಿಯೇಟರಿಗೆ ಸಿಗುವ ಗಾಳಿಯೇ ಬಿಸಿ. ಅದರ ಮೇಲೆ ಕಸವೂ ಕಟ್ಟಿದ್ದರೆ ಅದೇನು ಮಾಡೀತು?

ನನ್ನ ಕಾರು ಸಿರುಗುಪ್ಪ ರಸ್ತೆಯಲ್ಲಿ ಎರಡು ಸಲ ಕುದಿಯಿತು. ಒಂದು ಗ್ಯಾರೇಜಿನಲ್ಲಿ "ಹೆಡ್ ಗ್ಯಾಸ್ಕೆಟ್ ಹೋಗೇತ್ರಿ, ಎಂಜಿನ್ ಇಳಿಸಬೇಕು" ಅಂದರು. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು ಅದು. ಮನೆಗೆ ತಂದು, ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರಿನ ನಾಲ್ಕು ಬೋಲ್ಟು ಬಿಚ್ಚಿ ಈಚೆಗೆ ತೆಗೆದೆ. ಮುಂದಿನ ಮುಖ ನೋಡಲು ಚೆನ್ನಾಗೇ ಇತ್ತು. ಬೆಳಕಿಗೆ ಹಿಡಿದೆ. ಕೆಳಗಿನ ಅರ್ಧದಲ್ಲಿ ಒಂದು ಕಿರಣವೂ ಆಚೆ ಬರಲಿಲ್ಲ. ರೆಕ್ಕೆಗಳ ನಡುವೆ ಸಂಡೂರು ಕಡೆಯ ಕೆಂಪು ಧೂಳು, ಭತ್ತದ ಹೊಟ್ಟು, ಸತ್ತ ಚಿಟ್ಟೆ, ಎಲ್ಲಾ ಸೇರಿ ಗೋಡೆ ಮೆತ್ತಿದ ಹಾಗೆ ಗಟ್ಟಿಯಾಗಿತ್ತು. ರಾತ್ರಿಯಿಡೀ ಬಕೆಟ್ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಎಂಜಿನ್ ಕಡೆಯ ಮುಖದಿಂದ ಮುಂದಕ್ಕೆ ಮೆಲ್ಲಗೆ ಪೈಪು ಬಿಟ್ಟೆ. ಹೊಸ್ತಿಲಿಗೆ ಕೆಮ್ಮಣ್ಣು ಬಳಿದು ಕೈ ತೊಳೆದ ನೀರಿನಂಥ ನೀರು ಹತ್ತು ನಿಮಿಷ ಹರಿಯಿತು. ಆ ಮೇಲೆ ಕಾರು ಇಂದಿನವರೆಗೆ ಕುದಿದಿಲ್ಲ, ಎಂಜಿನ್ನೂ ಇಳಿದಿಲ್ಲ. ಪ್ರೆಷರ್ ವಾಷರಿನಲ್ಲಿ ಹೊಡೆಯಬೇಡಿ, ರೆಕ್ಕೆಗಳು ಮಡಚಿಕೊಂಡರೆ ಮತ್ತೆ ಅದೇ ಕಥೆ.

ಎರಡನೆಯದು ಫ್ಯಾನು. ಈ ಕಾರಿನಲ್ಲಿ ಫ್ಯಾನ್ ತಿರುಗಿಸುವುದು ಮೋಟರು, ಬೆಲ್ಟಲ್ಲ. ನಿಂತಲ್ಲೇ ಎಂಜಿನ್ ಓಡಿಸಿ ಬಿಡಿ. ಮುಳ್ಳು ಅರ್ಧ ದಾಟಿದರೂ ಫ್ಯಾನ್ ಹತ್ತದಿದ್ದರೆ ಎಂಜಿನ್ ನಿಲ್ಲಿಸಿ, ಬಿಸಿ ಏರಿದಾಗ ಫ್ಯಾನ್ ಹಚ್ಚುವ ಥರ್ಮೋ ಸ್ವಿಚ್ಚಿನ ಎರಡು ತಂತಿ ಕಳಚಿ ಒಂದಕ್ಕೊಂದು ಸೇರಿಸಿ, ಕೀ ಆನ್ ಮಾಡಿ. ಫ್ಯಾನ್ ತಿರುಗಿತೋ, ಸ್ವಿಚ್ ಹೋಗಿದೆ. ತಿರುಗಲಿಲ್ಲವೋ, ಫ್ಯೂಸು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಚ್ಚುವ ಸ್ವಿಚ್ಚು), ಮೋಟರು ಈ ಸಾಲಿನಲ್ಲಿ ಹುಡುಕಿ. ಬೆರಳು, ಅಂಗಿಯ ತೋಳು ಫ್ಯಾನಿನಿಂದ ದೂರ ಇರಲಿ.

ಮೂರನೆಯದು ಎಲ್ಲರೂ ಕಡೆಗಣಿಸುವ ರೇಡಿಯೇಟರ್ ಕ್ಯಾಪು. ಅದರ ಮೇಲೆ 0.9 ಅಂತ ಬರೆದಿರುತ್ತದೆ. ಅಷ್ಟು ಒತ್ತಡ ಹಿಡಿದರೆ ಒಳಗಿನ ನೀರು 100ಕ್ಕೆ ಕುದಿಯುವ ಬದಲು ಹೆಚ್ಚುಕಡಿಮೆ 118 ಡಿಗ್ರಿವರೆಗೆ ತಡೆಯುತ್ತದೆ. ರಬ್ಬರು ಒಣಗಿ ಒತ್ತಡ ಸೋರಿದರೆ ಆ 18 ಡಿಗ್ರಿ ಹೋಯಿತು. ಬಿಸಿ ಇರುವಾಗ ಮಾತ್ರ ಇದನ್ನು ತಿರುಗಿಸಬೇಡಿ. ಮುಖದ ಮೇಲೆ ಉಗಿ ಹೊಡೆಯುತ್ತದೆ.

ಇಷ್ಟಾದರೂ ಕುದಿದರೆ, ಆಯಿಲ್ ಹಾಲು ಬೆರೆಸಿದ ಚಹಾದಂತಾಗಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ, ಆಗ ಗ್ಯಾಸ್ಕೆಟ್ ಮಾತು.

ಥರ್ಮೋಸ್ಟಾಟ್ ತೆಗೆದುಹಾಕಿದರೆ ತಂಪಾಗಿರುತ್ತೆ ಅಂತಾರಲ್ಲ?

ಥರ್ಮೋಸ್ಟಾಟ್ ಅಂದರೆ ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವು. "ನಮ್ ಬಿಸಿಲಿಗೆ ಯಾಕ್ರಿ ವಾಲು, ತಗದ್ ಒಗೀರಿ" ಅನ್ನುವವರು ಊರ ತುಂಬ ಇದ್ದಾರೆ. ತೆಗೆದರೆ ಎಂಜಿನ್ ತನಗೆ ಬೇಕಾದ ಶಾಖಕ್ಕೆ ಬರುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಚೋಕ್ ಎಳೆದುಕೊಂಡೇ ಓಡಿಸಬೇಕಾಗುತ್ತದೆ, ಹೆಚ್ಚಿನ ಪೆಟ್ರೋಲು ಆಯಿಲಿಗೆ ಇಳಿಯುತ್ತದೆ, ಸಿಲಿಂಡರ್ ಸವೆಯುತ್ತದೆ. ಅದಕ್ಕೆ ದಾರ ಕಟ್ಟಿ, ಅಡುಗೆಮನೆಯಲ್ಲಿ ಪಾತ್ರೆ ನೀರಿಗೆ ಇಳಿಬಿಟ್ಟು ಕಾಯಿಸಿ ನೋಡಿ. ಕುದಿ ಬರುವಷ್ಟರಲ್ಲಿ ಬಾಯಿ ತೆರೆದರೆ ಅದು ಸರಿಯಿದೆ. ತೆರೆಯದಿದ್ದರೆ ಹೊಸದು ಹಾಕಿ. ಹಾಲಿನ ಪಾತ್ರೆ ಬಳಸಬೇಡಿ, ನನಗೆ ಸಿಕ್ಕಿದ ಬೈಗುಳ ನಿಮಗೂ ಸಿಗುತ್ತದೆ.

ರೇಡಿಯೇಟರಿಗೆ ಬೋರ್ ನೀರು ಹಾಕಬಹುದಾ?

ನಿಮ್ಮ ಬಚ್ಚಲಿನ ಗೀಸರ್ ಕಾಯಿಲು ಒಮ್ಮೆ ಬಿಚ್ಚಿ ನೋಡಿ, ಉತ್ತರ ಸಿಗುತ್ತದೆ. ಆ ಬಿಳಿ ಪದರವೇ ರೇಡಿಯೇಟರಿನ ಕೊಳವೆಯೊಳಗೂ ಕಟ್ಟುವುದು. ಕೂಲೆಂಟು ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ದಾರಿಯಲ್ಲಿ ಕೆಟ್ಟು ನಿಂತಾಗ ಸಿಕ್ಕ ನೀರು ಹಾಕಿ ಊರು ಸೇರಿ, ತಪ್ಪಿಲ್ಲ. ಮಾರನೇ ದಿನ ಖಾಲಿ ಮಾಡಿ. ಖಾಲಿ ಮಾಡಿದ ಹಸಿರು ಕೂಲೆಂಟು ತುಸು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಅಂಗಳದಲ್ಲಿ ಬಿಡಬೇಡಿ.

ಏರ್ ಫಿಲ್ಟರ್ ಎಷ್ಟು ದಿನಕ್ಕೊಮ್ಮೆ?

ಮ್ಯಾನುವಲ್ಲಿನ ಲೆಕ್ಕ ಒಳ್ಳೆಯ ರಸ್ತೆಗೆ. ಕುಡತಿನಿ, ತೋರಣಗಲ್ಲು ದಾಟಿ ಸಂಡೂರಿಗೆ ವಾರಕ್ಕೊಮ್ಮೆ ಅದಿರಿನ ಲಾರಿಗಳ ಹಿಂದೆ ಹೋಗುವವರು ತಿಂಗಳಿಗೊಮ್ಮೆ ತೆಗೆದು ನೋಡಲೇಬೇಕು. ಉಷ್ಣ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಕಡೆ ಓಡಾಡುವ ರಾಯಚೂರಿನವರಿಗೂ ಇದೇ ಮಾತು. ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಿ. ಹೊರಗಿನಿಂದ ಊದಿದರೆ ಧೂಳು ಕಾಗದದೊಳಗೆ ಇನ್ನೂ ಆಳಕ್ಕೆ ಹೂತುಕೊಳ್ಳುತ್ತದೆ. ಪೆಟ್ರೋಲಿನಲ್ಲಿ ತೊಳೆಯುವುದು ಬೇಡ. ಎರಡು ಮೂರು ಸಲ ಊದಿದ ಮೇಲೆ ಹೊಸದು ತನ್ನಿ, ಸವೆದ ಸಿಲಿಂಡರು ಕೊರೆಸುವ ಎಂಜಿನ್ ಬೋರಿಂಗಿಗೆ ಹೋಲಿಸಿದರೆ ಫಿಲ್ಟರಿನ ಬೆಲೆ ಏನೂ ಅಲ್ಲ.

ಆಯಿಲ್ ಬದಲಾಯಿಸುವುದು ಮನೆಯಲ್ಲಿ ಆಗುತ್ತಾ?

ಮನೆ ರಿಪೇರಿಯ ಅಕ್ಷರಾಭ್ಯಾಸವೇ ಅದು. ನಾಲ್ಕು ಕಿಲೋಮೀಟರ್ ಓಡಿಸಿ ಬಂದು, ಆಯಿಲ್ ಬೆಚ್ಚಗಿರುವಾಗ ಇಳಿಸಿ. 20ಡಬ್ಲ್ಯು-40 ದರ್ಜೆಯ ಆಯಿಲು ನಮ್ಮ ಹವೆಗೆ ಒಗ್ಗುತ್ತದೆ. ಮೂರು ಲೀಟರ್ ಡಬ್ಬಿ ಸಾಕು, ಪೂರ್ತಿ ಸುರಿಯಬೇಡಿ, ಕೊನೆಯದನ್ನು ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ನೋಡಿ ಹಾಕಿ. ಡ್ರೈನ್ ಬೋಲ್ಟಿನ ವಾಷರು ಪ್ರತಿ ಸಲ ಹೊಸದು. ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಆಯಿಲ್ ಸವರಿ, ಕೈಯಲ್ಲಷ್ಟೇ ಬಿಗಿ ಮಾಡಿ. ಐದು ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು.

ಹಳೇ ಆಯಿಲನ್ನು ಚರಂಡಿಗೆ ಬಿಡಬೇಡಿ. ಡಬ್ಬಿಯಲ್ಲಿ ತುಂಬಿಟ್ಟು ಗ್ಯಾರೇಜಿಗೆ ಕೊಟ್ಟರೆ ಅವರ ಬ್ಯಾರೆಲ್ಲಿಗೆ ಸೇರುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ಹಾಕುವುದು ಸುಲಭ ತಾನೇ?

ಸುಲಭ ಅಂದುಕೊಂಡೇ ನಾನು ಕೆಟ್ಟದ್ದು. ಹೆಡ್ಡು ಅಲ್ಯೂಮಿನಿಯಂ, ಪ್ಲಗ್ಗಿನ ಮರೆ (ತಿರುಪಿನ ಸುತ್ತು) ಉಕ್ಕು. ಮಧ್ಯದ ಪ್ಲಗ್ಗನ್ನು ಓರೆಯಾಗಿ ಕೂರಿಸಿ ಪಾನಾದಲ್ಲಿ ತಿರುಗಿಸಿದೆ. ಬಿಗಿ ಅನ್ನಿಸಿತು, ಇನ್ನೊಂದು ಸುತ್ತು ಕೊಟ್ಟೆ. ಬೆಳ್ಳಿಯ ಬಣ್ಣದ ಸಣ್ಣ ಸುರುಳಿ ಹೊರಬಂತು. ಅದು ಹೆಡ್ಡಿನ ಮರೆಯೇ ಕಿತ್ತು ಬಂದದ್ದು. ಹೆಡ್ ಬಿಚ್ಚಿಸಿ, ಲೇತಿನವರ ಹತ್ತಿರ ಹೊಸ ಮರೆ ಕೂರಿಸಿಕೊಂಡು ಬರುವಷ್ಟರಲ್ಲಿ ಒಂದು ವಾರ ಹೋಯಿತು. ಈಗ ಅರ್ಧ ಅಡಿ ಹಳೇ ಪೆಟ್ರೋಲ್ ಪೈಪನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ, ಪೈಪು ಹಿಡಿದು ಬೆರಳಲ್ಲೇ ಐದಾರು ಸುತ್ತು ತಿರುಗಿಸುತ್ತೇನೆ. ಓರೆಯಾದರೆ ಪೈಪು ಜಾರುತ್ತದೆ, ಮರೆ ಉಳಿಯುತ್ತದೆ. ಎಂಜಿನ್ ತಣ್ಣಗಿರಲಿ. ವೈರುಗಳನ್ನು ಒಂದೊಂದೇ ಬಿಚ್ಚಿ ಹಾಕಿ, ಅದಲುಬದಲಾದರೆ ಕಾರು ಕೆಮ್ಮುತ್ತದೆ. ಇದರ ಸಿಲಿಂಡರುಗಳಿಗೆ ಕಿಡಿ ಬೀಳುವ (ಫೈರಿಂಗ್) ಸಾಲು 1-3-2.

ಈಗಿನ ಎಥನಾಲ್ ಬೆರೆಸಿದ ಪೆಟ್ರೋಲು ಹಳೇ ಕಾರಿಗೆ ಆಗುತ್ತಾ?

ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಇ20, ಅಂದರೆ ಶೇಕಡ 20 ಎಥನಾಲು. ನಮ್ಮ ಕಾರು ಹುಟ್ಟಿದಾಗ ಇಂಥದ್ದನ್ನು ಯಾರೂ ಯೋಚಿಸಿರಲಿಲ್ಲ. ಎಂಜಿನ್ ಓಡುತ್ತದೆ, ತೊಂದರೆ ಬರುವುದು ರಬ್ಬರಿಗೆ. ಹಳೇ ಪೈಪು, ಪಂಪಿನ ಡಯಾಫ್ರಂ, ಕಾರ್ಬೊರೇಟರಿನ ಗ್ಯಾಸ್ಕೆಟ್ಟು ಉಬ್ಬುತ್ತವೆ, ಬಿರುಕು ಬಿಡುತ್ತವೆ. ಎಥನಾಲು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ಅದು ನೀರಾಗಿ ತಳ ಸೇರಿ ತುಕ್ಕು ಹಿಡಿಸುತ್ತದೆ. ಲೀಟರಿಗೆ ಲೀಟರು ತೂಗಿದರೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲೆರಡು ಪಾಲು. ಆ ಲೆಕ್ಕದಲ್ಲಿ ಇ20ರಲ್ಲಿ ಶೇಕಡ 6-7 ಶಕ್ತಿ ಕಡಿಮೆ, ಮೈಲೇಜ್ ಅಷ್ಟು ಇಳಿದರೆ ಕಾರನ್ನು ಬೈಯಬೇಡಿ.

ಮಾಡಬೇಕಾದದ್ದು: ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಇರುವ ರಬ್ಬರ್ ಪೈಪೆಲ್ಲ ಬದಲಾಯಿಸಿ. ಪೈಪಿನ ಮೈಮೇಲೆ ಜೆ30 ಆರ್9 ಅಂತ ಅಚ್ಚಾಗಿರುವುದನ್ನು ಕೇಳಿ ತನ್ನಿ. ಮೀಟರ್ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪೈಪು ಬೇಡ, ನಮ್ಮ ಬಾನೆಟ್ಟಿನ ಶಾಖಕ್ಕೆ ಅದು ಒಂದು ಬೇಸಿಗೆಗೇ ಕಲ್ಲಾಗುತ್ತದೆ. ಕ್ಲಿಪ್ಪು ಹೊಸದಿರಲಿ. ಈ ಕೆಲಸ ಬಯಲಲ್ಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು, ಬೆಂಕಿಯಿಂದ ದೂರ ಮಾಡಬೇಕು. ಬೀಡಿ ಹಚ್ಚಿಕೊಂಡು ನೋಡಲು ಬರುವ ಹಿರಿಯರನ್ನು ಮೊದಲು ಮರ್ಯಾದೆಯಿಂದ ಕಳಿಸಿ.

ಮಧ್ಯಾಹ್ನ ಹತ್ತು ನಿಮಿಷ ನಿಲ್ಲಿಸಿ ಬಂದರೆ ಸ್ಟಾರ್ಟ್ ಆಗಲ್ಲ, ಸಂಜೆ ಆಗುತ್ತೆ. ಯಾಕೆ?

ಬಿಸಿ ಎಂಜಿನ್ ನಿಂತ ಮೇಲೆ ಕಾರ್ಬೊರೇಟರಿನೊಳಗಿನ ಪೆಟ್ರೋಲು ಕುದಿದು ಎಂಜಿನ್ನಿಗೆ ಹರಿದಿರುತ್ತದೆ. ಚೋಕ್ ಎಳೆಯಬೇಡಿ, ಆಕ್ಸಿಲರೇಟರು ಪಂಪ್ ಹೊಡೆಯಬೇಡಿ. ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಮುಂದಿನ ಸಲ ನೆರಳಲ್ಲಿ ನಿಲ್ಲಿಸಿ, ಬಾನೆಟ್ಟನ್ನು ಒಂದು ಕ್ಲಿಕ್ ಸಡಿಲ ಬಿಡಿ.

ಬ್ಯಾಟರಿ ಎರಡು ವರ್ಷಕ್ಕೇ ಹೋಗುತ್ತಲ್ಲ?

ಬಿಸಿಲಿನ ಊರಲ್ಲಿ ಅದು ಬಾಳುವುದೇ ಅಷ್ಟು ಅಂತ ಕೈಚೆಲ್ಲುವ ಮೊದಲು ಅಳೆಯಿರಿ. ರಾತ್ರಿ ನಿಂತ ಕಾರಿನಲ್ಲಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.4ರ ಒಳಗಿರಬೇಕು. 15 ದಾಟಿದರೆ ಡೈನಮೋದ ರೆಗ್ಯುಲೇಟರ್ ಬ್ಯಾಟರಿಯನ್ನು ಬೇಯಿಸುತ್ತಿದೆ ಅಂತ ಅರ್ಥ, ಎಷ್ಟು ಹೊಸ ಬ್ಯಾಟರಿ ತಂದರೂ ಅದೇ ಗತಿ. ಟರ್ಮಿನಲ್ ಮೇಲಿನ ಬಿಳಿ ಪುಡಿಗೆ ಅಡುಗೆ ಸೋಡಾ ಕಲಸಿದ ಬಿಸಿನೀರು, ಒಣಗಿದ ಮೇಲೆ ಒಂದಿಷ್ಟು ವ್ಯಾಸಲೀನ್. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಬ್ಯಾಟರಿಗೆ ಎಸಿಯಿಂದ ತೊಟ್ಟಿಕ್ಕುವ ನೀರು ಹಾಕುವವರಿದ್ದಾರೆ. ಅದರಲ್ಲಿ ಕಾಯಿಲಿನ ಧೂಳೂ ಲೋಹದ ಕಣವೂ ಇರುತ್ತವೆ, ಬೇಡ.

ಯಾವ ಕೆಲಸ ಮನೆಯಲ್ಲಿ ಮಾಡಬಾರದು?

ಬ್ರೇಕಿನ ಹೈಡ್ರಾಲಿಕ್ಕು, ಟೈಮಿಂಗ್ ಬೆಲ್ಟು, ಸ್ಟಿಯರಿಂಗು, ಎಸಿ ಗ್ಯಾಸು. ಬ್ರೇಕ್ ಡ್ರಮ್ ತೆಗೆದು ನೋಡುವಷ್ಟು ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಅಂತ ಯಾರಿಗೂ ನೆನಪಿಲ್ಲದಿದ್ದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಈಗಲೇ ಹಾಕಿಸಿ.

ದೊಡ್ಡ ಟೈರ್ ಹಾಕಿದರೆ ಗುಂಡಿಗಳಲ್ಲಿ ತಳ ತಾಗುವುದಿಲ್ಲವಂತೆ?

ಮೂಲ ಅಳತೆ 145/70 ಆರ್12. ಆಲ್ಟೊದ 145/80 ಹಾಕಿದರೆ ಚಕ್ರದ ವ್ಯಾಸ 508ರಿಂದ 537 ಮಿಲಿಮೀಟರಿಗೆ ಏರುತ್ತದೆ. ಕಾರು ಎತ್ತರವಾಗುವುದು ಅದರ ಅರ್ಧ, ಬೆರಳಿನ ಅಗಲದಷ್ಟು. ಬದಲಿಗೆ ಪಿಕಪ್ ಇಳಿಯುತ್ತದೆ, ಸ್ಪೀಡೋಮೀಟರು 60 ತೋರಿಸುವಾಗ ನೀವು 63ರ ಮೇಲಿರುತ್ತೀರಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುತ್ತದೆ. ನನ್ನ ಮತ ಕೇಳಿದರೆ ಮೂಲ ಅಳತೆಯೇ ಸಾಕು, ಶಾಕ್ ಅಬ್ಸಾರ್ಬರ್ ಹೊಸದು ಹಾಕಿ. ಟೈರ್ ಕೊಳ್ಳುವಾಗ ಬದಿಯ ನಾಲ್ಕಂಕಿ ನೋಡಿ. 2324 ಅಂದರೆ 2024ರ 23ನೇ ವಾರದ ಮಾಲು. ನೆಲಕ್ಕೆ ತಾಗುವ ಅಚ್ಚು ಸವೆಯದಿದ್ದರೂ ಬಿಸಿಲಿಗೆ ಬಿರಿದ ಟೈರು ಹೆದ್ದಾರಿಯಲ್ಲಿ ಸಿಡಿಯುತ್ತದೆ.

ಹೆಡ್‌ಲೈಟ್ ಮಂಕು. ಎಲ್‌ಇಡಿ ಹಾಕಿಸಲಾ?

ಅಪ್‌ಗ್ರೇಡುಗಳ ಪೈಕಿ ನನಗೆ ಅತಿ ಪ್ರಿಯವಾದದ್ದು ಇದೇ, ಆದರೆ ಎಲ್‌ಇಡಿಯಲ್ಲ. ಹ್ಯಾಲೊಜನ್ನಿಗಾಗಿ ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಕೂರಿಸಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ನನ್ನ ಕಾರಿನಲ್ಲಿ ಅಳೆದೆ: ಬ್ಯಾಟರಿಯಲ್ಲಿ 13.8, ಬಲ್ಬಿನ ಹಿಂದೆ 11.9 ವೋಲ್ಟ್. ಹಳೇ ಸ್ವಿಚ್ಚು, ಸಣ್ಣ ತಂತಿ ಉಳಿದದ್ದನ್ನು ನುಂಗುತ್ತಿದ್ದವು. ಹ್ಯಾಲೊಜನ್ ಬಲ್ಬಿಗೆ ಶೇಕಡ 10 ವೋಲ್ಟೇಜ್ ಇಳಿದರೆ ಬೆಳಕು ಶೇಕಡ 30ರಷ್ಟು ಇಳಿಯುತ್ತದೆ. ಎರಡು ರಿಲೇ, ದಪ್ಪ ತಂತಿ, ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸು ಹಾಕಿ ನೇರ ಸಂಪರ್ಕ ಕೊಟ್ಟೆ, ಸ್ವಿಚ್ಚು ರಿಲೇಯನ್ನಷ್ಟೇ ಎಳೆಯುತ್ತದೆ. ಅದೇ 60/55 ವ್ಯಾಟಿನ ಬಲ್ಬು. ಭತ್ತದ ಕೊಯ್ಲಿನಲ್ಲಿ ಹಿಂದಿನ ದೀಪವಿಲ್ಲದೆ ಹೋಗುವ ಟ್ರಾಕ್ಟರು ಈಗ ಮೊದಲೇ ಕಾಣುತ್ತದೆ. 100 ವ್ಯಾಟ್ ಬಲ್ಬ್ ಹಾಕಿದರೆ ಹೋಲ್ಡರ್ ಕರಗುತ್ತದೆ.

15 ವರ್ಷ ದಾಟಿದ ಕಾರು ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬಹುದು. ದೆಹಲಿಯ ನಿಯಮ ಇಲ್ಲಿನದಲ್ಲ. ಫಿಟ್‌ನೆಸ್ ಪಾಸಾದರೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. ಕೇಂದ್ರದ ನಿಯಮದಂತೆ 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 5000 ರೂಪಾಯಿ. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ ಅದು 10,000ಕ್ಕೆ ಏರಿತು. ಬಣ್ಣ ಬದಲಾಯಿಸುವುದು, ಗ್ಯಾಸ್ ಕಿಟ್ ಹಾಕುವುದು ಆರ್‌ಟಿಓ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಾದರೆ ಮಾತ್ರ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಯಾವ ಊರಿನದು?

ಕರಾವಳಿಯದು ಬೇಡ. ಉಪ್ಪುಗಾಳಿಗೆ ತಳ ತುಕ್ಕು ಹಿಡಿದಿರುತ್ತದೆ, ಟಿಂಕರಿಂಗ್ ಮುಗಿಯುವುದೇ ಇಲ್ಲ. ನಮ್ಮ ಒಣಹವೆಯ ಬಳ್ಳಾರಿ, ಕೊಪ್ಪಳ, ರಾಯಚೂರಿನ ಗಾಡಿಗಳ ಬಣ್ಣ ಮಾಸಿ ಡ್ಯಾಶ್‌ಬೋರ್ಡ್ ಸೀಳಿದ್ದರೂ ತಗಡು ಗಟ್ಟಿ.

ಬಿಡಿಭಾಗ ಸಿಗುತ್ತವಾ?

ಸವೆಯುವ ಭಾಗಗಳೆಲ್ಲ ಊರಲ್ಲೇ ಸಿಗುತ್ತವೆ. ಸಿಗದ ಬೀಡಿಂಗು, ಹ್ಯಾಂಡಲ್ಲಿಗೆ ಬೆಂಗಳೂರಿನ ಜೆ.ಸಿ. ರಸ್ತೆ. ಹಳೇ ಭಾಗವನ್ನು ಕೈಯಲ್ಲೇ ಹಿಡಿದು ಹೋಗಿ. ಬರೀ ಫೋಟೊ ತೋರಿಸಿ ತಂದ ವಾಟರ್ ಪಂಪ್ ನನ್ನ ಕಪಾಟಿನಲ್ಲಿ ಇನ್ನೂ ಇದೆ.

ಇಲಿ ವೈರು ಕಡಿಯುತ್ತೆ, ಏನು ಮಾಡಲಿ?

ಗಂಗಾವತಿಯ ಭತ್ತದ ಕಡೆಯವರಿಂದ ಈ ಪ್ರಶ್ನೆ ಹೆಚ್ಚು. ಹೊಗೆಸೊಪ್ಪಿನ ಎಲೆ, ನುಸಿಗುಳಿಗೆ, ಬೇವಿನೆಣ್ಣೆ, ಎಲ್ಲಾ ಮಾಡಿ ನೋಡಿದ್ದೇನೆ. ನಾಲ್ಕು ದಿನ ಇಲಿ ಬರುವುದಿಲ್ಲ, ಐದನೇ ದಿನ ಹೊಗೆಸೊಪ್ಪನ್ನೇ ಹಾಸಿಕೊಂಡು ಮಲಗಿರುತ್ತದೆ. ಕಾಳಿನ ಚೀಲದ ಪಕ್ಕ ಕಾರು ನಿಲ್ಲಿಸುವುದು ಬಿಟ್ಟು, ರಾತ್ರಿ ಬಾನೆಟ್ ಎತ್ತಿಡಲು ಶುರು ಮಾಡಿದ ಮೇಲೆ ಕಾಟ ಕಡಿಮೆಯಾಗಿದೆ. ಇಲಿಗೆ ಬೇಕಾದದ್ದು ಕತ್ತಲು ಮತ್ತು ಬೆಚ್ಚನೆಯ ಮೂಲೆ. ಬಾನೆಟ್ ಎತ್ತಿಟ್ಟಲ್ಲಿ ಈಗ ಎದುರುಮನೆಯ ಬೆಕ್ಕು ಬಂದು ಮಲಗುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಅದನ್ನು ಎಬ್ಬಿಸುವುದು ಮರೆಯಬಾರದು.